ಚೇಂಬಿನ ಎಲೆಗೆ ಮೂರು ಖಂಡಗಳ ಸಾಕ್ಷಿ

ಸಂಶಯಪಡುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಇಡೀ ತಿರುವನಂತಪುರದಲ್ಲಿ ಯಾರೂ ಇಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ಮೈಸೂರಿನಲ್ಲಿ ಎಂ.ಎಸ್ಸಿ. ಓದಿದ್ದರಲ್ಲಿ ಇವತ್ತಿಗೂ ಉಳಿದಿರುವುದು ಒಂದೇ ಪಾಠ: ಪುರಾವೆ ಇಲ್ಲದೆ ಏನನ್ನೂ ನಂಬಬಾರದು. ಅದನ್ನು ಇನ್ನಷ್ಟು ಮುಂದಕ್ಕೆ ಒಯ್ದು ನಾನು ನನ್ನನ್ನೇ ನಂಬುವುದನ್ನು ಬಿಟ್ಟಿದ್ದೇನೆ. ಅದರಲ್ಲೂ ನನ್ನ ನೆನಪನ್ನು.

ಬಸ್ಸು ಹತ್ತಿ ಕುಳಿತ ಕೂಡಲೇ ನನಗೆ ಬೀಗದ ಯೋಚನೆ ಶುರುವಾಗುತ್ತದೆ. ಪಕ್ಕದಲ್ಲಿ ಹೆಂಡತಿ ಜಯಾ ಇರುತ್ತಾಳೆ. ಅವಳು ಕಾಸರಗೋಡಿನ ಕಡೆಯವಳು, ಸುತ್ತಿ ಬಳಸಿ ಮಾತಾಡುವ ಅಭ್ಯಾಸವಿಲ್ಲ.

"ಬೀಗ ಹಾಕಿದ್ನಾ?"

"ಹಾಕಿದ್ದೀರಿ ಮಾರಾಯ್ರೆ."

"ನೀನು ನೋಡಿದ್ಯಾ?"

"ನೋಡ್ಲಿಲ್ಲ. ಮೆಟ್ಲಿಳಿಯುವಾಗ ನೀವೇ ಹೇಳಿದ್ದಲ್ವಾ, ಹಾಕಿದೆ ಅಂತ."

"ಅದು ಸಾಕ್ಷಿ ಅಲ್ಲ ಕಣೇ! ನನ್ನ ಮಾತನ್ನ ನನಗೇ ವಾಪಸ್ ಕೊಟ್ಟ ಹಾಗಾಯ್ತು. ಸ್ವತಂತ್ರ ಸಾಕ್ಷಿ ಬೇಕು."

"ಸ್ವತಂತ್ರ ಸಾಕ್ಷಿ ಬೇಕಾದ್ರೆ ಕಳ್ಳನನ್ನೇ ಕೇಳ್ಬೇಕಷ್ಟೆ!"

ಇಷ್ಟು ಎಚ್ಚರದ ಮನುಷ್ಯ ಮೋಸಹೋಗುವುದು ಸಾಧ್ಯವೇ ಇಲ್ಲ ಎಂದು ನಾನು ನಂಬಿದ್ದೆ. ಯಾವ ಪುರಾವೆಯೂ ಇಲ್ಲದೆ ನಾನು ನಂಬಿದ್ದ ಏಕೈಕ ಸಂಗತಿ ಅದು.

ನಾನು ಕೆಲಸ ಮಾಡುವುದು ನಗರದ ಒಂದು ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಿ. ಮಣ್ಣಿನ ಕೆಲಸ ನೆಮ್ಮದಿಯ ಕೆಲಸ. ನಾವು ತಪ್ಪು ಹೇಳಿದರೂ ಮಣ್ಣು ಎದುರು ಮಾತಾಡುವುದಿಲ್ಲ. ಆದರೆ ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಗಿಡಗಳ ವೈರಸ್ಸುಗಳ ಬಗ್ಗೆ ಸಂಶೋಧನೆ ಮಾಡುವ ಹುಡುಗ ಹುಡುಗಿಯರಿದ್ದಾರೆ. ಎಲೆಯನ್ನು ಅರೆದು, ಅದರೊಳಗಿನ ವೈರಸ್ಸಿನ ಜೀನುಗಳನ್ನು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಲ್ಲಿ ಉದ್ದಕ್ಕೆ ಬರೆದು, ಜಗತ್ತಿನ ಸಾರ್ವಜನಿಕ ಡೇಟಾಬೇಸಿಗೆ ಕಳಿಸುತ್ತಾರೆ. ಅಲ್ಲಿ ಅವರ ಹೆಸರು ಶಾಶ್ವತವಾಗಿ ಕೂರುತ್ತದೆ. ಮಣ್ಣಿನವರ ಹೆಸರು ಎಲ್ಲೂ ಕೂರುವುದಿಲ್ಲ. ನಿವೃತ್ತಿ ಹತ್ತಿರವಾದಂತೆ ನನಗೆ ಈ ಅನ್ಯಾಯ ಕಾಡತೊಡಗಿತು.

ಆಗ ಅಮ್ಮಿಣಿ ಚೇಚಿಯ ಚೇಂಬಿನ ಎಲೆಗಳು ಹಳದಿಯಾದವು.

ತಿರುವನಂತಪುರದ ಉಳ್ಳೂರಿನಲ್ಲಿ ನಮ್ಮ ಪಕ್ಕದ ಮನೆ ಅವರದು. ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಚೇಚಿ ಎಂದರೆ ನಮ್ಮ ಅಕ್ಕ, ಚೇಂಬು ಎಂದರೆ ನಮ್ಮ ಕೆಸುವಿನ ಗೆಡ್ಡೆ. ಅವರ ಹಿತ್ತಿಲಿನ ಚೇಂಬು ಅವರ ಅಮ್ಮ ಕುಟ್ಟನಾಡಿನಿಂದ ತಂದು ನೆಟ್ಟ ತಳಿ. ಬೇಯಿಸಿದರೆ ಬೆಣ್ಣೆಯಂತಾಗುತ್ತದೆ, ಗಂಟಲು ತುರಿಸುವುದಿಲ್ಲ. ಅಮ್ಮ ಹೋಗಿ ಬಹಳ ಕಾಲವಾಗಿದ್ದರೂ ಚೇಚಿ ಪ್ರತಿ ವರ್ಷ ಮರಿಗೆಡ್ಡೆ ಉಳಿಸಿಕೊಂಡು ನೆಡುತ್ತಿದ್ದರು. ಹಿತ್ತಿಲಿಗೆ ಯಾರು ಬಂದರೂ "ಇದು ನನ್ನ ಅಮ್ಮ" ಎಂದು ಪರಿಚಯಿಸುತ್ತಿದ್ದರು. ಹೊಸಬರು ಗಿಡಕ್ಕೆ ಕೈಮುಗಿಯಬೇಕೋ ಬೇಡವೋ ತಿಳಿಯದೆ ಒದ್ದಾಡುತ್ತಿದ್ದರು.

"ಎಲೆಯೆಲ್ಲ ಹಳದಿ ಸಾರೇ, ಸ್ವಲ್ಪ ನೋಡಿ" ಎಂದು ಚೇಚಿ ಒಂದು ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದ ಹೇಳಿದರು. ನೋಡುತ್ತೇನೆ ಎಂದು ನಾನು ಪ್ರಯೋಗಾಲಯಕ್ಕೆ ಹೋದೆ. ಅಲ್ಲಿ ಮೇಲಿನ ಮಹಡಿಯ ಸಂಶೋಧನಾ ವಿದ್ಯಾರ್ಥಿನಿ ಅಂಜು, "ಇವತ್ತು ಜೀನು ಓದುವ ಯಂತ್ರದಲ್ಲಿ ಒಂದು ಸ್ಯಾಂಪಲ್ಲಿಗೆ ಜಾಗ ಉಂಟು, ಬೇಕಾ ಸರ್?" ಎಂದಳು. ಅದೃಷ್ಟ ಬಾಗಿಲು ತಟ್ಟಿತು! ಕೂಡಲೇ ಮನೆಗೆ ಫೋನ್ ಮಾಡಿದೆ.

"ಜಯಾ, ಚೇಂಬಿನ ಎಲೆ ಒಂದೆರಡು ಬೇಕು. ಆಫೀಸಿನ ಡ್ರೈವರ್ ಆ ಕಡೆ ಬರ್ತಾನೆ, ಅವನ ಕೈಲಿ ಕಳಿಸು."

"ಆಫೀಸಿಗಾ? ಎಂತಕ್ಕೆ?"

"ಬೇಕು ಅಂದ್ನಲ್ಲ. ಹಳದಿ ಕಲೆ ಇರೋದೇ ಆಗ್ಬೇಕು."

"ಕಲೆ ಇದ್ದದ್ದಾ? ಒಳ್ಳೇದು ಬೇಡ್ವಾ?"

"ಕಲೆ ಇದ್ದದ್ದೇ ಬೇಕು. ತೊಟ್ಟು ತೆಗೆದು, ಸಣ್ಣಗೆ ಹೆಚ್ಚಿ, ಕವರಲ್ಲಿ ಹಾಕು."

"ಆಯ್ತು. ಚೆಂಬಿನದ್ದೇ ಅಲ್ವಾ, ಕಳಿಸ್ತೇನೆ."

ಕವರು ಬಂದಾಗ ನಾನು ಮೀಟಿಂಗಿನಲ್ಲಿದ್ದೆ. ಡ್ರೈವರ್ ಅದನ್ನು ನೇರವಾಗಿ ಮೇಲಕ್ಕೆ ಕೊಟ್ಟ. ಅಂಜು ಹೆಚ್ಚಿದ ಎಲೆಯನ್ನು ಅರೆದಳು. ಕೆಲವು ದಿನಗಳ ಮೇಲೆ ಕೆಳಗಿಳಿದು ಬಂದವಳ ಮುಖದಲ್ಲಿ ಗೊಂದಲವಿತ್ತು.

"ಸರ್, ಇದು ವೀಳ್ಯದೆಲೆಗೂ ಕರಿಮೆಣಸಿಗೂ ಬರುವ ವೈರಸ್. ಚೇಂಬಿನಲ್ಲಿ ಹೇಗೆ?"

ನಾನು ಕುರ್ಚಿಯಿಂದ ಎದ್ದು ನಿಂತೆ. ವೀಳ್ಯದೆಲೆಯ ವೈರಸ್ ಚೇಂಬಿಗೆ ಹಾರಿದೆ! ಇದುವರೆಗೆ ಯಾರೂ ಕಂಡಿರದ ಸಂಗತಿ!

"ಸರ್, ಇನ್ನೊಂದು ಎಲೆ ತಂದು ಮತ್ತೊಮ್ಮೆ ನೋಡಿದ್ರೆ..."

"ಅಂಜು, ಸಂಶಯಪಡೋದು ನನ್ನ ವಿಭಾಗ. ನೀನು ಟೈಪ್ ಮಾಡು."

ಅವಳು ಅಮೆರಿಕದ ಡೇಟಾಬೇಸಿನ ಪುಟ ತೆರೆದು ನಾಲ್ಕಕ್ಷರಗಳ ಆ ಉದ್ದನೆಯ ಸಾಲನ್ನು ಹಾಕಿದಳು. "ಯಾವ ಗಿಡದಿಂದ ಅಂತ ಕೇಳ್ತದೆ ಸರ್." "ಚೇಂಬು" ಎಂದೆ. ಅವಳು ಅದರ ಲ್ಯಾಟಿನ್ ಹೆಸರು ಬರೆದಳು. ಕಳಿಸಿದವರು ಎಂಬಲ್ಲಿ ನನ್ನ ಹೆಸರು. ಸ್ವಲ್ಪ ದಿನಕ್ಕೆ ನಮ್ಮ ದಾಖಲೆಗೆ ಒಂದು ನಂಬರ್ ಬಂತು. ನಮ್ಮ ಮಗಳು ಹುಟ್ಟಿದಾಗಲೂ ನಾನು ಇಷ್ಟು ಜನರಿಗೆ ಫೋನ್ ಮಾಡಿರಲಿಲ್ಲ.

ಕೊಚ್ಚಿಯ ಒಂದು ವಿಚಾರ ಸಂಕಿರಣಕ್ಕೆ ಅರ್ಜಿ ಹಾಕಿದೆ. ಒಪ್ಪಿಗೆಯೂ ಬಂತು. ಆಮೇಲೆ ಅಮ್ಮಿಣಿ ಚೇಚಿಗೆ ವಿಷಯ ತಿಳಿಸುವ ಕರ್ತವ್ಯ ನನ್ನ ಮೇಲೆ ಬಿತ್ತು. ಕಾಂಪೌಂಡಿನ ಬಳಿ ನಿಂತು ಅತ್ಯಂತ ಗಂಭೀರವಾಗಿ ಹೇಳಿದೆ: ಹೀಗೊಂದು ವೈರಸ್ ಸಿಕ್ಕಿದೆ, ಮನುಷ್ಯರಿಗೇನೂ ಆಗುವುದಿಲ್ಲ, ಆದರೆ ಗಿಡ ಕೀಳದಿದ್ದರೆ ಸುತ್ತಲಿನ ಮೆಣಸಿನ ಬಳ್ಳಿಗಳಿಗೆಲ್ಲ ಹರಡಬಹುದು. ಒಂದು ಮರಿಗೆಡ್ಡೆಯೂ ನೆಲದಲ್ಲಿ ಉಳಿಯಬಾರದು.

ಚೇಚಿ ಒಂದು ಎಲೆಯ ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ ಮೆಲ್ಲಗೆ, "ಉರಪ್ಪಾಣೋ ಸಾರೇ?" ಎಂದರು. ಖಂಡಿತವೇ, ಎಂದು.

ಆ ಒಂದು ಪದ ನನ್ನೊಳಗಿನ ಸಂಶಯವಾದಿಯನ್ನು ಎಬ್ಬಿಸಿತು. "ಇನ್ನೊಮ್ಮೆ ಪರಿಶೀಲಿಸಿ ಹೇಳ್ತೀನಿ" ಎಂದೆ.

"ಗುರುವಾರ ಹಿತ್ತಿಲಿನ ಕೆಲಸದವನು ಬರ್ತಾನೆ ಸಾರ್. ಆವತ್ತು ಬೆಳಿಗ್ಗೆ ಹೇಳಿ. ಸಾರ್ ಕೀಳು ಅಂದ್ರೆ ಕೀಳಿಸ್ತೇನೆ. ಬೇಡ ಅಂದ್ರೆ ಅಮ್ಮ ಇರ್ತಾಳೆ."

ಗುರುವಾರ ಬೆಳಿಗ್ಗೆ ನಾನು ಕೊಚ್ಚಿಯ ಲಾಡ್ಜಿನ ಕೋಣೆಯಲ್ಲಿದ್ದೆ. ಚಹಾ ಕುಡಿಯುತ್ತ ನನ್ನನ್ನು ನಾನೇ ಕೇಳಿಕೊಂಡೆ: ರೋಗ ಬಂದ ಆ ಗಿಡವನ್ನು ನೀನು ಕಣ್ಣಾರೆ ನೋಡಿದ್ದೀಯಾ? ನೆನಪಾಗಲಿಲ್ಲ. ಫೋನು ಮಾಡಿದ್ದು ನೆನಪಿತ್ತು, ಅಂಜುವಿನ ಮುಖ ನೆನಪಿತ್ತು, ಗಿಡ ಮಾತ್ರ ನೆನಪಿನಲ್ಲಿ ಇರಲಿಲ್ಲ. ಒಬ್ಬಾಕೆಯ ತಾಯಿಯನ್ನು ಬೇರುಸಹಿತ ಕೀಳಿಸಲು ಹೊರಟಿದ್ದೇನೆ, ಪುರಾವೆ ಎಲ್ಲಿ?

ಮೊಬೈಲಿನಲ್ಲಿ ಅಮೆರಿಕದ ಡೇಟಾಬೇಸ್ ತೆರೆದೆ. "ಚೇಂಬು" ಎಂದಿತ್ತು. ಇರಲಿ, ಅದು ನಾನೇ ಹೇಳಿದ್ದು, ಅದನ್ನು ಸಾಕ್ಷಿ ಎನ್ನುವಂತಿಲ್ಲ. ಸ್ವತಂತ್ರ ಸಾಕ್ಷಿ ಬೇಕು! ಯುರೋಪಿನವರದ್ದೂ ಇಂಥದೇ ಒಂದು ಡೇಟಾಬೇಸ್ ಇದೆ ಎಂದು ಕೇಳಿದ್ದೆ. ತೆರೆದೆ. ಅಲ್ಲೂ ಅದೇ ವೈರಸ್, ಅದೇ ಊರು, ಅದೇ ಚೇಂಬು! ಜಪಾನಿನದನ್ನೂ ತೆರೆದೆ. ಚೇಂಬು! ನಂಬರ್ ಕೂಡ ಮೂರೂ ಕಡೆ ಒಂದೇ. ಒಂದು ಅಕ್ಷರದ ವ್ಯತ್ಯಾಸವಿಲ್ಲ. ವಿಜ್ಞಾನದಲ್ಲಿ ಇಂಥ ಒಮ್ಮತವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಇಷ್ಟು ಸಾಲದೆಂಬಂತೆ ಯುರೋಪಿನವರೂ ಜಪಾನಿನವರೂ ನನ್ನ ಹೆಸರನ್ನೂ ಹಾಕಿದ್ದರು. ಸಜ್ಜನರು ಎಂದುಕೊಂಡೆ.

ಇನ್ನೂ ವಿಚಿತ್ರವಾದದ್ದು ಆಮೇಲೆ ಆಯಿತು. ಮೂರನೆಯ ಪುಟ ಓದಿ ಮುಗಿಸುವಷ್ಟರಲ್ಲಿ ನನಗೆ ಎಲ್ಲ ನೆನಪಾಯಿತು! ಮುಂಜಾನೆ, ಕಾಂಪೌಂಡಿನ ಆಚೆ ಅಗಲವಾದ ಚೇಂಬಿನ ಎಲೆ, ಹಳದಿ ಕಲೆಗಳ ನಡುವೆ ಒಂದು ದಪ್ಪನೆಯ ನೀರಹನಿ, ಅದರೊಳಗೆ ಸೂರ್ಯ. ಎಲೆ ಸ್ವಲ್ಪ ಅಲುಗಿತು, ಹನಿ ಜಾರಿತು. ಇಷ್ಟು ಸ್ಪಷ್ಟವಾಗಿರುವುದನ್ನು ಮರೆತಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಕೋಪ ಬಂತು.

ಚೇಚಿಗೆ ಫೋನ್ ಮಾಡಿದೆ. "ಉರಪ್ಪಾಣ್ ಚೇಚಿ! ಮೂರು ಖಂಡಗಳು ಒಪ್ಪಿವೆ!"

"ಶರಿ ಸಾರ್" ಎಂದು ಚೇಚಿ ಫೋನ್ ಇಟ್ಟರು.

ಸಂಕಿರಣದಲ್ಲಿ ನನ್ನ ಭಾಷಣ ಅದ್ಭುತವಾಗಿತ್ತು. ಅದು ನನ್ನ ಅಭಿಪ್ರಾಯ. ನೀರಹನಿಯ ಭಾಗದಲ್ಲಿ ಧ್ವನಿ ಸ್ವಲ್ಪ ಗದ್ಗದವೂ ಆಯಿತು. ಪ್ರಶ್ನೆಗಳ ಸಮಯದಲ್ಲಿ ಮುಂದಿನ ಸಾಲಿನಿಂದ ನರೆಗೂದಲಿನ ಒಬ್ಬ ಮಹಿಳಾ ವಿಜ್ಞಾನಿ ಎದ್ದರು.

"ಸ್ಯಾಂಪಲ್ ಚೇಂಬಿನದೇ ಎಂದು ಹೇಗೆ ಖಚಿತಪಡಿಸಿಕೊಂಡಿರಿ?"

ಈ ಪ್ರಶ್ನೆಗೇ ನಾನು ಕಾದಿದ್ದೆ. "ಒಂದಲ್ಲ ಮೇಡಂ, ಮೂರು ಡೇಟಾಬೇಸುಗಳಲ್ಲಿ! ಅಮೆರಿಕ, ಯುರೋಪ್, ಜಪಾನ್. ಮೂರೂ ಚೇಂಬು ಎನ್ನುತ್ತವೆ."

ಅವರು ನನ್ನನ್ನು ಕರುಣೆಯಿಂದ ನೋಡಿದರು. "ಆ ಮೂರೂ ದಿನದಿನವೂ ತಮ್ಮ ದಾಖಲೆಗಳನ್ನು ಪರಸ್ಪರ ಹಂಚಿಕೊಳ್ಳುತ್ತವೆ. ಒಬ್ಬರಿಗೆ ಕೊಟ್ಟರೆ ಮೂವರಿಗೂ ಕೊಟ್ಟಂತೆ. ನೀವು ನೋಡಿದ್ದು ನಿಮ್ಮದೇ ದಾಖಲೆಯ ಪ್ರತಿ. ಅಲ್ಲಿ ನಿಮ್ಮ ಹೆಸರು ಇರಲಿಲ್ಲವೇ?"

"ಇತ್ತು. ಗೌರವಕ್ಕೆ ಹಾಕಿದ್ದಾರೆ ಅಂದುಕೊಂಡೆ."

ಸಭೆ ನಕ್ಕಿತು. ನಾನು ತಮಾಷೆಯಾಗಿ ಹೇಳಿದೆನೆಂದು ತಿಳಿದು ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

"ಆದರೆ ಅವರು ಪರಿಶೀಲಿಸುತ್ತಾರಲ್ಲವೇ?" ಎಂದೆ. ಧ್ವನಿ ನನಗೇ ಕೇಳಿಸದಷ್ಟು ಸಣ್ಣಗಾಗಿತ್ತು.

"ನೀವು ಬರೆದದ್ದು ಕ್ರಮಬದ್ಧವಾಗಿದೆಯೇ ಎಂದು ನೋಡುತ್ತಾರೆ. ನಿಮ್ಮ ಹಿತ್ತಿಲಿಗೆ ಬಂದು ಎಲೆ ಯಾವುದೆಂದು ನೋಡಲು ಆಗುತ್ತದೆಯೇ?"

ಕ್ರಮಬದ್ಧವಾಗಿಯೇ ಇತ್ತು. ನನ್ನ ಅವಿವೇಕದಲ್ಲಿ ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ.

ಹೊರಗೆ ಓಡಿ ಚೇಚಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಜಯಾಳಿಗೆ ಮಾಡಿದೆ. ಎತ್ತಲಿಲ್ಲ. ಊಟ ಬಿಟ್ಟು ಎರ್ಣಾಕುಳಂ ಸ್ಟೇಷನ್ನಿಗೆ ಧಾವಿಸಿ ಸಿಕ್ಕಿದ ರೈಲು ಹತ್ತಿದೆ. ಸಿಕ್ಕಿದ ರೈಲು ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ರೈಲು.

ಕಿಟಕಿಯಾಚೆ ಹಿನ್ನೀರು, ತೆಂಗು, ಮತ್ತೆ ಹಿನ್ನೀರು. ಪ್ರತಿ ಮನೆಯ ಹಿತ್ತಿಲಿನಲ್ಲೂ ಚೇಂಬು ಇದ್ದ ಹಾಗೆ ಕಾಣುತ್ತಿತ್ತು. ನಾನು ನನ್ನ ನೆನಪನ್ನು ಕಟಕಟೆಯಲ್ಲಿ ನಿಲ್ಲಿಸಿ ವಿಚಾರಣೆ ಶುರುಮಾಡಿದೆ. ಆ ನೀರಹನಿ ಎಲ್ಲಿಂದ ಬಂತು? ಎಲೆ ಕಳಿಸಿದ ತಿಂಗಳು ಸುಡುಬಿಸಿಲು. ಚೇಚಿ ಗಿಡಕ್ಕೆ ನೀರು ಬಿಡುವುದು ಸಂಜೆ. ಹಾಗಾದರೆ? ಆಗ ಹೊಳೆಯಿತು. ಭಾಷಣದ ಮೊದಲ ಸ್ಲೈಡಿಗೆಂದು ಅಂಜು ಇಂಟರ್ನೆಟ್ಟಿನಿಂದ ಒಂದು ಚೇಂಬಿನ ಎಲೆಯ ಚಿತ್ರ ತೆಗೆದು ಹಾಕಿದ್ದಳು. ಹನಿ ಅದರಲ್ಲಿತ್ತು. ಸೂರ್ಯನೂ ಅದರಲ್ಲೇ ಇದ್ದ. ಯಾವ ದೇಶದ ಸೂರ್ಯನೋ!

ಅಂದರೆ ನನ್ನ ತಲೆಯೂ ಆ ಡೇಟಾಬೇಸುಗಳ ಹಾಗೆಯೇ. ಎಲ್ಲಿಂದಲೋ ಬಂದದ್ದನ್ನು ತೆಗೆದುಕೊಂಡು, ನನ್ನ ಹೆಸರು ಹಾಕಿ, ನಾನೇ ಕಂಡದ್ದೆಂದು ಜೋಪಾನ ಮಾಡುತ್ತದೆ. ಯಾರು ಕೊಟ್ಟರು ಎಂಬುದು ಅಳಿಸಿಹೋಗುತ್ತದೆ, ಕೊಟ್ಟದ್ದು ಉಳಿಯುತ್ತದೆ. ಬಾಲ್ಯದ ಎಷ್ಟು ನೆನಪುಗಳು ನಿಜಕ್ಕೂ ನನ್ನವು? ನಾನು ಮೂರು ವರ್ಷದವನಿದ್ದಾಗ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಕಳೆದುಹೋಗಿದ್ದೆ ಎಂದು ಅಕ್ಕ ಹೇಳುತ್ತಾಳೆ, ಚಿಕ್ಕಪ್ಪ ಹೇಳುತ್ತಾರೆ, ನಾನೂ ಹೇಳುತ್ತೇನೆ. ಮೂವರಿಗೂ ಅದನ್ನು ಹೇಳಿದ್ದು ಅಮ್ಮ. ಆ ದಂಡೆಯ ತಂಪುಗಾಳಿ ನನಗೆ ಇವತ್ತಿಗೂ ಮೈಗೆ ತಗಲುತ್ತದೆ! ಅದು ನನ್ನ ಮೈಯ ಗಾಳಿಯೋ, ಅಮ್ಮನ ಮಾತಿನ ಗಾಳಿಯೋ? ಕೊಲ್ಲಂ ದಾಟುವವರೆಗೂ ಯೋಚಿಸಿದೆ. ಉತ್ತರ ಸಿಗಲಿಲ್ಲ. ಆದರೆ ಆ ಗಾಳಿಯನ್ನು ಬಿಟ್ಟುಕೊಡಲೂ ಮನಸ್ಸಾಗಲಿಲ್ಲ.

ಮನೆ ಮುಟ್ಟಿದಾಗ ರಾತ್ರಿಯಾಗಿತ್ತು, ಚೇಚಿಯ ಮನೆಯ ದೀಪ ಆರಿತ್ತು, ನನಗೆ ವಿಪರೀತ ಹಸಿವು. ಜಯಾ ತಟ್ಟೆ ಇಟ್ಟಳು. ಬೇಯಿಸಿ ತೆಂಗಿನಕಾಯಿ ಹಾಕಿ ಕಲಸಿದ ಗೆಡ್ಡೆ, ಪಕ್ಕದಲ್ಲಿ ಗಾಂಧಾರಿ ಮೆಣಸಿನ ಚಟ್ನಿ. ಬೆಣ್ಣೆಯಂತಿತ್ತು. ಎರಡನೇ ಸಲ ಬಡಿಸಿಕೊಂಡು ಕೇಳಿದೆ.

"ಏನಿದು, ಇಷ್ಟು ಚೆನ್ನಾಗಿದೆ?"

"ಚೇಂಬು ಪುಳುಕ್ಕು. ಅಮ್ಮಿಣಿ ಚೇಚಿ ಓಣಿಯ ಎಲ್ಲ ಮನೆಗೂ ಕೊಟ್ಟಿದ್ದಾರೆ. ನೀವೇ ಅಲ್ವಾ ಫೋನಲ್ಲಿ ಕೀಳ್ಲಿಕ್ಕೆ ಹೇಳಿದ್ದು? ಎಲೆ ಎಲ್ಲ ಸುಟ್ರು. ಗೆಡ್ಡೆ ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ ಅಂತ ಬೇಯಿಸಿದ್ರು. ನಾನು ಅಲ್ಲಿಯೇ ಇದ್ದೆ, ಕಾಯಿ ತುರಿಯುತ್ತಾ ಇದ್ದೆ. ಅದಕ್ಕೆ ಫೋನ್ ತೆಗೀಲಿಲ್ಲ."

ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. "ಮರಿಗೆಡ್ಡೆ?"

"ಒಂದೂ ಉಳೀಬಾರ್ದು ಅಂದಿದ್ದೀರಂತೆ."

ನಾನು ಎಲ್ಲ ಹೇಳಿದೆ. ಮೂರು ಖಂಡ, ನನ್ನ ಹೆಸರು, ನೀರಹನಿ. "ಈಗ ಉಳಿದಿರುವ ಸಾಕ್ಷಿ ನೀನೊಬ್ಬಳೇ, ಜಯಾ. ಆವತ್ತು ಎಲೆ ಕಳಿಸಿದೆಯಲ್ಲ, ಅದು ಹೇಗಿತ್ತು?"

"ಹೇಗಿರ್ತದೆ? ವೀಳ್ಯದೆಲೆ ಇದ್ದ ಹಾಗೆ ಇತ್ತು."

"ವೀಳ್ಯದೆಲೆಯ ಹಾಗೆ ಅಂದ್ರೆ?"

"ವೀಳ್ಯದೆಲೆಯೇ ಮಾರಾಯ್ರೆ! ಚಾಲೈ ಮಾರ್ಕೆಟಿನಿಂದ ತಂದ ಕಟ್ಟು. ಬಾಡ್ಬಾರ್ದು ಅಂತ ಚೆಂಬಿನಲ್ಲಿ ನೀರು ಹಾಕಿ ಇಟ್ಟಿದ್ದೆ. ಅಡಿಯ ಎಲೆಗಳಲ್ಲೆಲ್ಲ ಹಳದಿ ಕಲೆ ಇತ್ತು. ನೀವು ಚೆಂಬಿನ ಎಲೆ ಕಳಿಸು, ಕಲೆ ಇದ್ದದ್ದೇ ಕಳಿಸು ಅಂದ್ರಿ. ಕಳಿಸಿದೆ."

ಮೈಸೂರಿನವನಾದ ನಾನು ನೀರಿನ ಪಾತ್ರೆಗೆ ಚೊಂಬು ಎನ್ನುತ್ತೇನೆ. ಕಾಸರಗೋಡಿನವಳಾದ ಅವಳು ಚೆಂಬು ಎನ್ನುತ್ತಾಳೆ. ಇಷ್ಟು ವರ್ಷ ಕೇರಳದಲ್ಲಿದ್ದು ನಾನು ಕೆಸುವಿಗೆ ಚೇಂಬು ಎನ್ನಲು ಕಲಿತಿದ್ದೇನೆ. ಎಲ್ಲ ಹೋಗಿ ಒಂದು ದೀರ್ಘದ ಮೇಲೆ ನಿಂತಿತ್ತು! ವೀಳ್ಯದೆಲೆಯ ವೈರಸ್ ವೀಳ್ಯದೆಲೆಯಲ್ಲೇ ಸಿಕ್ಕಿತ್ತು. ಇದಕ್ಕಿಂತ ಹಳೆಯ ಸುದ್ದಿ ವಿಜ್ಞಾನದಲ್ಲಿ ಇನ್ನೊಂದಿಲ್ಲ.

"ಆದ್ರೆ ಆಫೀಸಿಗೆ ವೀಳ್ಯದೆಲೆ ಹೆಚ್ಚಿ ಕಳಿಸು ಅಂದಾಗ ನಿನಗೆ ಸಂಶಯ ಬರ್ಲಿಲ್ವಾ?"

"ಯಾರಿಗೋ ಹಲ್ಲಿಲ್ಲ ಅಂದ್ಕೊಂಡೆ."

ಮರುದಿನ ಬೆಳಿಗ್ಗೆ ಚೇಚಿಯ ಮನೆಗೆ ಹೋದೆ. ಬೋಳಾದ ಹಿತ್ತಿಲಿನ ಎದುರು ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಚೇಚಿ ಬಯ್ಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಸುಮ್ಮನೆ ಮಣ್ಣನ್ನು ನೋಡುತ್ತ ನಿಂತರು. ಬೇರೆ ದಾರಿ ತೋಚದೆ ನಾನೂ ಮಣ್ಣನ್ನು ನೋಡಿದೆ. ಅಷ್ಟು ವರ್ಷ ಮಾಡಿದ ಕೆಲಸ ತಾನಾಗಿ ಕೈಗೆ ಬಂತು. ಒಂದು ಹಿಡಿ ಕವರಿಗೆ ಹಾಕಿಕೊಂಡು ಹೋಗಿ ಪರೀಕ್ಷಿಸಿದೆ. ಮೆಗ್ನೀಸಿಯಂ ಕೊರತೆ! ಚೇಂಬಿನ ಎಲೆ ಹಳದಿಯಾಗಲು ಅಷ್ಟೇ ಸಾಕಿತ್ತು. ಇಡೀ ಕಟ್ಟಡದಲ್ಲಿ ಅದನ್ನು ಮೊದಲ ದಿನವೇ ಕಂಡುಹಿಡಿಯಬಹುದಾಗಿದ್ದ ವ್ಯಕ್ತಿ ಒಬ್ಬನೇ. ಅವನು ಆಗ ಜೀನುಗಳಲ್ಲಿ ಮುಳುಗಿದ್ದ.

ಅಮೆರಿಕದವರಿಗೆ ಬರೆದು ಗಿಡದ ಹೆಸರನ್ನು ತಿದ್ದಿಸಿದೆ. ಯುರೋಪಿಗೂ ಜಪಾನಿಗೂ ಬರೆಯಬೇಕಾಗಲಿಲ್ಲ. ಸ್ವಲ್ಪ ದಿನದಲ್ಲಿ ಮೂರು ಖಂಡಗಳಲ್ಲೂ ಒಟ್ಟಿಗೆ ವಿವೇಕ ಉದಯಿಸಿತು. ಈ ಸಲವೂ ಯಾರೂ ಏನನ್ನೂ ಕೇಳಲಿಲ್ಲ! "ಮೊದಲೇ ಪ್ರತಿ ಮಾಡಿಕೊಂಡವರ ಕಂಪ್ಯೂಟರಿನಲ್ಲಿ ಚೇಂಬು ಹಾಗೇ ಉಳೀತದೆ ಸರ್, ಅವರನ್ನು ನಾವು ಹುಡುಕ್ಲಿಕ್ಕೆ ಆಗುವುದಿಲ್ಲ" ಎಂದು ಅಂಜು ಸಮಾಧಾನ ಹೇಳಿದಳು. ಅದು ಸಮಾಧಾನ ಹೇಗೆ ಎಂದು ನನಗೆ ತಿಳಿಯಲಿಲ್ಲ.

ಆದರೆ ಅವಳ ಮಾತು ತಲೆಯಲ್ಲಿ ಉಳಿಯಿತು. ಓಡಿಹೋಗಿ ಚೇಚಿಯನ್ನು ಕೇಳಿದೆ. "ನಿಮ್ಮ ಚೇಂಬಿನ ಮರಿಗೆಡ್ಡೆ ಯಾವಾಗಲಾದ್ರೂ ಯಾರಿಗಾದ್ರೂ ಕೊಟ್ಟಿದ್ರಾ?"

ಚೇಚಿ ಯೋಚಿಸಿದರು. "ತೃಪ್ಪೂಣಿತ್ತುರದ ತಂಗಿಗೆ ಕೊಟ್ಟಿದ್ದೆ. ಬಹಳ ಹಿಂದೆ. ಅವಳು ಉಳಿಸಿದ್ದಾಳೋ ಇಲ್ಲವೋ."

ಕೊಚ್ಚಿಗೆ ಹತ್ತಿರದ ತೃಪ್ಪೂಣಿತ್ತುರಕ್ಕೆ ಮುಂದಿನ ಭಾನುವಾರವೇ ಹೋದೆ. ತಂಗಿಯ ಮನೆಯ ಬಾವಿಯ ಬದಿಯಲ್ಲಿ ಚೇಂಬು ಸೊಂಪಾಗಿತ್ತು. ನನ್ನೊಳಗಿನ ಸಂಶಯವಾದಿ ಸುಮ್ಮನಿರಬೇಕಲ್ಲ.

"ಇದು ನಿಮ್ಮ ಅಮ್ಮನ ತಳಿಯೇ ಅಲ್ವಾ? ಖಂಡಿತವಾ?"

"ಖಂಡಿತ ಸಾರ್. ಅಮ್ಮಿಣಿ ಚೇಚಿ ಕೊಡುವಾಗ ಹೇಳಿದ್ದಾಳಲ್ಲ."

"ಆಮೇಲೆ ಬೇರೆ ಚೇಂಬು ಏನಾದ್ರೂ ನೆಟ್ಟಿದ್ರಾ?"

"ಒಂದೆರಡು ಸಲ ಪೇಟೆಯಿಂದ ತಂದು ನೆಟ್ಟಿದ್ದೆ. ಆ ಬದಿಯಲ್ಲೋ ಈ ಬದಿಯಲ್ಲೋ ನೆನಪಿಲ್ಲ."

ಗೆಡ್ಡೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತಿರುವನಂತಪುರಕ್ಕೆ ಬಂದೆ. ಆ ಬದಿ, ಈ ಬದಿಯ ಮಾತು ಯಾರಿಗೂ ಹೇಳಲಿಲ್ಲ. ಬೇಕಿದ್ದರೆ ಪರೀಕ್ಷೆ ಮಾಡಬಹುದಿತ್ತೇನೋ. ಆದರೆ ಹೋಲಿಸಿ ನೋಡಲು ಚೇಚಿಯ ಹಳೆಯ ಚೇಂಬು ಎಲ್ಲಿದೆ? ಅದನ್ನು ನಾನು ಎರಡು ಸಲ ಬಡಿಸಿಕೊಂಡು ತಿಂದಿದ್ದೆ.

ಚೇಚಿ ಒಂದು ಗೆಡ್ಡೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು. ಮೂಸಿದರು. ಅವರಿಗೂ ತೀರ್ಮಾನಿಸಲು ಆಗಲಿಲ್ಲವೆಂದು ಕಾಣುತ್ತದೆ. ನನ್ನ ಕಡೆ ತಿರುಗಿದರು.

"ಅಮ್ಮನದ್ದೇ ಅಲ್ವಾ ಸಾರೇ? ಉರಪ್ಪಾಣೋ?"

ಅವರ ಕಣ್ಣು ನೋಡಿದೆ. ಪುರಾವೆ, ಸ್ವತಂತ್ರ ಸಾಕ್ಷಿ, ಮೈಸೂರಿನ ವಿಶ್ವವಿದ್ಯಾನಿಲಯ ಎಲ್ಲವೂ ನನ್ನ ಬೆನ್ನ ಹಿಂದೆ ಸಾಲಾಗಿ ನಿಂತು ಕೆಮ್ಮಿದವು.

"ಉರಪ್ಪಾಣ್" ಎಂದೆ.

ಸಂಜೆ ಹಾಲು ತರಲು ಹೊರಟಾಗ ಓಣಿಯ ಕೊನೆಯ ಮನೆಯವರು ನನ್ನನ್ನು ಗೇಟಿನ ಬಳಿ ತಡೆದು ನಿಲ್ಲಿಸಿದರು. "ಸಾರ್, ಗೊತ್ತಾಯ್ತಾ? ಅಮ್ಮಿಣಿಯ ಅಮ್ಮನ ಚೇಂಬು ವಾಪಸ್ ಸಿಕ್ಕಿದೆ. ಅದೇ ತಳಿ! ಯಾರೋ ದೊಡ್ಡ ವಿಜ್ಞಾನಿ ಪರೀಕ್ಷೆ ಮಾಡಿ ಖಚಿತಪಡಿಸಿದ್ದಾರಂತೆ."

"ಹೌದಾ?" ಎಂದೆ. ಒಂದು ಕ್ಷಣ ನನಗೂ ನಿಜವಿರಬಹುದು ಅನ್ನಿಸಿತು.